ಅವ್ವನ ಕೌದಿ, ದೂರ ನಿಂತು ನೋಡಿದಾಗ

ಚಿತ್ತಾಪುರದ ನಮ್ಮ ಮನ್ಯಾಗ ಶಹಾಬಾದ್ ಪರಸಿ ಮ್ಯಾಲೆ ಹಾಸ್ತಿದ್ದ ಕೌದಿಯನ್ನ ನಾನು ಯಾವತ್ತೂ ಚಿತ್ರ ನೋಡಿದಂಗ ನೋಡಿರಲಿಲ್ಲ.

2011ರಲ್ಲಿ ನ್ಯೂಯಾರ್ಕ್‌ನ ಷೋಂಬರ್ಗ್ ಕೇಂದ್ರದಲ್ಲಿ ಉತ್ತರ ಕನ್ನಡದ ಸಿದ್ದಿ ಹೆಣ್ಮಕ್ಕಳ ಕೌದಿಗಳನ್ನ ಪ್ರದರ್ಶನಕ್ಕಿಟ್ಟಿದ್ರು. ಸಿದ್ದಿಯರು ಅಂಚಿನಿಂದ ಶುರುಮಾಡಿ, ಸುತ್ತ ಹೊಲೀತಾ ನಡುವಿಗೆ ಬರ್ತಾರೆ. ನಾಲ್ಕೂ ಮೂಲೆಗೆ ಮಡಚಿದ ಬಟ್ಟೆಯ ಹೂ ಕೂಡಿಸಿದ್ರೇನೇ ಕೌದಿ ಪೂರ್ತಿ.

ಇದನ್ನ ತಿಳಿದ ಮ್ಯಾಲೆ, ಬಿಸಾಕಲು ಕಟ್ಟಿಟ್ಟಿದ್ದ ಅವ್ವನ ಕೌದಿ ಬಿಚ್ಚಿ ಗ್ವಾಡಿಗೆ ತೂಗುಹಾಕಿದೆ. ಇಳಕಲ್ ಸೀರೆಯ ಕೆಂಪು, ಅಪ್ಪನ ಧೋತರದ ಬಿಳಿ, ನನ್ನ ಸಾಲಿ ಅಂಗಿಯ ನೀಲಿ. ಒಂದು ಕಡೆ ಹೊಲಿಗಿ ಸೊಟ್ಟಗಾಗ್ಯದ. ಅವ್ವನ ಕಣ್ಣು ಮಂಜಾದ ವರ್ಷ ಅದು.

ನಿಮ್ಮ ಮನ್ಯಾಗಿನ ಹಳೇ ಕೌದಿನೂ ಒಮ್ಮೆ ದೂರ ನಿಂತು ನೋಡ್ರಿ.