ಮಗಳ ವಿಶ್ವವಿದ್ಯಾಲಯ: ನಿರ್ಧಾರ ಯಾರದು?

(ದ್ವಿತೀಯ ಪಿಯು ವಿದ್ಯಾರ್ಥಿಗಳ ಹೆತ್ತವರ ಸಭೆಯಲ್ಲಿ ಮಾಡಿದ ಭಾಷಣದ ಲೇಖನ ರೂಪ)



ಪಿಯು ಫಲಿತಾಂಶ ಪ್ರಕಟವಾದ ಮರುದಿನ ಓರ್ವ ತಂದೆ ತಮ್ಮ ಮಗಳೊಂದಿಗೆ ನಮ್ಮ ಬಳಿಗೆ ಬಂದಿದ್ದರು. ಮಗಳಿಗೆ ಉತ್ತಮ ಅಂಕಗಳು ಬಂದಿದ್ದುವು. "ದಿಲ್ಲಿ ವಿಶ್ವವಿದ್ಯಾಲಯಕ್ಕೆ ಸೇರಿಸಬೇಕೆಂದಿದ್ದೇವೆ, ಅರ್ಜಿ ಎಲ್ಲಿ ಸಿಗುತ್ತದೆ?" ಎಂದು ಅವರು ಕೇಳಿದರು. ಅರ್ಜಿ ಸಲ್ಲಿಸುವ ದಿನ ಕಳೆದು ವಾರಗಳೇ ಆಗಿದ್ದುವು. ತಂದೆ ನಿರಾಶರಾದರು. ಆ ಹುಡುಗಿ ಮಾತ್ರ ತಲೆ ತಗ್ಗಿಸಿ ಕುಳಿತಿದ್ದಳು. ಬಳಿಕ ವಿಚಾರಿಸಿದಾಗ ಅವಳೆಂದಳು: "ನನಗೆ ಕೊನೆಯ ದಿನಾಂಕ ಗೊತ್ತಿತ್ತು. ಅಷ್ಟು ದೂರ ಕಳಿಸಲಾರರು ಎಂದುಕೊಂಡು ಅಬ್ಬನಲ್ಲಿ ಹೇಳಲು ಹೆದರಿದೆ." ಕಳಿಸಲು ತಂದೆ ಸಿದ್ಧರಿದ್ದರು, ಹೋಗಲು ಮಗಳು ಸಿದ್ಧಳಿದ್ದಳು. ಒಂದೇ ಮನೆಯಲ್ಲಿದ್ದ ಇಬ್ಬರ ನಡುವೆ ಮಾತು ಮಾತ್ರ ಇರಲಿಲ್ಲ.

ಸಹೋದರರೇ, ನಾವು ಇಂದು ಮಾತಾಡಲಿರುವುದು ಈ ಮೌನದ ಬಗ್ಗೆ.

ಪ್ರವಾದಿ ಇಬ್ರಾಹೀಮ್(ಅ)ರ ಚರಿತ್ರೆಯನ್ನು ನಾವು ಪ್ರತಿ ಬಕ್ರೀದ್‌ನಲ್ಲಿ ಕೇಳುತ್ತೇವೆ. ಮಗನನ್ನು ಬಲಿ ನೀಡುವ ಕನಸು ಕಂಡಾಗ ಅವರು ಮೊದಲು ಮಾಡಿದ ಕೆಲಸವೇನು? ಆ ಎಳೆಯ ಮಗನೊಡನೆ ಕನಸನ್ನು ಹೇಳಿಕೊಂಡು, ನಿನ್ನ ಅಭಿಪ್ರಾಯವೇನೆಂದು ಕೇಳಿದರು. ಅಲ್ಲಾಹನ ಆಜ್ಞೆಯ ವಿಷಯದಲ್ಲಿಯೇ ಮಗನ ಅಭಿಪ್ರಾಯಕ್ಕೆ ಸ್ಥಾನವಿತ್ತು! ಕೂಸಿಗೆ ಮೊಲೆಹಾಲು ಬಿಡಿಸುವ ನಿರ್ಧಾರವನ್ನೂ ತಂದೆ ತಾಯಿ ಪರಸ್ಪರ ಸಮಾಲೋಚಿಸಿ ಕೈಗೊಳ್ಳಬೇಕೆಂದು ಪವಿತ್ರ ಕುರ್‌ಆನ್ ಕಲಿಸುತ್ತದೆ. ಹೀಗಿರುವಾಗ ಹದಿನೇಳು ವರ್ಷದ ಮಗಳ ಮುಂದಿನ ಬದುಕನ್ನು ಅವಳನ್ನು ಕೇಳದೆ ನಿರ್ಧರಿಸುವುದು ಯಾವ ಪರಂಪರೆ?

ಇನ್ನು ವಾಸ್ತವಕ್ಕೆ ಬರೋಣ. 2006ರಲ್ಲಿ ಸಾಚಾರ್ ಸಮಿತಿಯು, ದೇಶದ ಪ್ರತಿಷ್ಠಿತ ಕಾಲೇಜುಗಳ ಪದವಿ ತರಗತಿಗಳಲ್ಲಿ ಇಪ್ಪತ್ತೈದು ಮಂದಿಗೆ ಒಬ್ಬ, ಸ್ನಾತಕೋತ್ತರ ತರಗತಿಗಳಲ್ಲಿ ಐವತ್ತು ಮಂದಿಗೆ ಒಬ್ಬ ಮುಸ್ಲಿಮ್ ವಿದ್ಯಾರ್ಥಿಯಿದ್ದಾನೆ ಎಂದು ವರದಿ ಮಾಡಿತು. 2021-22ರ ಕೇಂದ್ರ ಸರಕಾರದ ಸಮೀಕ್ಷೆಯ ಪ್ರಕಾರ ಉನ್ನತ ಶಿಕ್ಷಣದಲ್ಲಿದ್ದ ಸುಮಾರು 4.33 ಕೋಟಿ ಮಂದಿಯಲ್ಲಿ ಮುಸ್ಲಿಮರು ಸುಮಾರು 21 ಲಕ್ಷ. 2011ರ ಜನಗಣತಿಯಂತೆ ಜನಸಂಖ್ಯೆಯಲ್ಲಿ ನಮ್ಮ ಪಾಲು ಶೇ. 14.2, ಇಲ್ಲಿ ಶೇ. 5ನ್ನೂ ಮುಟ್ಟಿಲ್ಲ. ಆದರೆ ಆ 21 ಲಕ್ಷದಲ್ಲಿ ಸುಮಾರು ಅರ್ಧದಷ್ಟು ಹೆಣ್ಮಕ್ಕಳು. ಅರ್ಥಾತ್, ಸಮುದಾಯದ ಹೆಣ್ಮಕ್ಕಳು ಹೊಸ್ತಿಲು ದಾಟಿಯಾಗಿದೆ. ದಾರಿ ತೋರಬೇಕಾದವರು ಹಿಂದುಳಿದಿದ್ದೇವೆ.

ಈಗ ಆಯ್ಕೆಯ ವಿಷಯ. ನಮ್ಮ ಊರುಗಳಲ್ಲಿ ವಿಶ್ವವಿದ್ಯಾಲಯ ಎಂದೊಡನೆ ಎರಡು ಗುಂಪುಗಳಾಗುತ್ತವೆ. ಮನೆ ಸಮೀಪದ್ದೇ ಸಾಕೆನ್ನುವವರದು ಒಂದು. ಅಲೀಘರ್ ಅಥವಾ ಜಾಮಿಯಾ ಎಂದರೆ ಕಣ್ಣುಮುಚ್ಚಿ ಸೇರಿಸುವವರದು ಇನ್ನೊಂದು. ಎರಡೂ ಗುಂಪಿನವರು ವಿಚಾರಿಸುವುದು ಕಡಿಮೆ.

ಮಂಗಳೂರು ವಿಶ್ವವಿದ್ಯಾಲಯವನ್ನೇ ತೆಗೆದುಕೊಳ್ಳಿ. 1980ರಲ್ಲಿ ಸ್ಥಾಪನೆಗೊಂಡ ಇದರ ಕ್ಯಾಂಪಸ್ ಕೊಣಾಜೆಯಲ್ಲಿದೆ. ಆದರೆ ಪದವಿಗೆ ಸೇರುವ ಹೆಚ್ಚಿನ ಮಕ್ಕಳು ಓದುವುದು ತಮ್ಮ ಊರಿನ ಸಂಯೋಜಿತ ಕಾಲೇಜಿನಲ್ಲಿ. ಪ್ರಮಾಣಪತ್ರದಲ್ಲಿರುವುದು ವಿಶ್ವವಿದ್ಯಾಲಯದ ಹೆಸರು. ಕಲಿಸುವುದು ಆ ಕಾಲೇಜಿನ ಅಧ್ಯಾಪಕರು. ಆದ್ದರಿಂದ ಆ ವಿಷಯಕ್ಕೆ ಖಾಯಂ ಅಧ್ಯಾಪಕರಿದ್ದಾರೆಯೇ, ಗ್ರಂಥಾಲಯ ಹೇಗಿದೆ, ಕಳೆದ ವರ್ಷ ಹೊರಬಂದವರು ಎಲ್ಲಿದ್ದಾರೆ ಎಂಬುದನ್ನು ಕಾಲೇಜಿಗೇ ಹೋಗಿ ಕೇಳಬೇಕು. ಸುಮಾರು 90 ಕಾಲೇಜುಗಳಿರುವ ದಿಲ್ಲಿ ವಿಶ್ವವಿದ್ಯಾಲಯಕ್ಕೂ ಇದೇ ಮಾತು ಅನ್ವಯಿಸುತ್ತದೆ.

ದಿಲ್ಲಿಯ ದಾರಿ ಬೇರೆ. 2022ರಿಂದ ಕೇಂದ್ರೀಯ ವಿಶ್ವವಿದ್ಯಾಲಯಗಳ ಪದವಿ ಪ್ರವೇಶಕ್ಕೆ ಸಿಯುಇಟಿ ಎಂಬ ಸಾಮಾನ್ಯ ಪರೀಕ್ಷೆ ಬಂದಿದೆ. ದಿಲ್ಲಿ ವಿಶ್ವವಿದ್ಯಾಲಯದಲ್ಲಿ ಪಿಯು ಅಂಕ ಕೇವಲ ಅರ್ಹತೆ. ಸೀಟು ಸಿಗುವುದು ಸಿಯುಇಟಿ ಅಂಕದಿಂದ. ಕನ್ನಡವೂ ಸೇರಿದಂತೆ 13 ಭಾಷೆಗಳಲ್ಲಿ ಈ ಪರೀಕ್ಷೆ ಬರೆಯಬಹುದು. ಇದಕ್ಕೆ ಅರ್ಜಿ ಹಾಕಬೇಕಾದುದು ಫಲಿತಾಂಶದ ನಂತರವಲ್ಲ, ಪಿಯು ಪರೀಕ್ಷೆ ಮುಗಿಯುವ ಮೊದಲೇ. ಆರಂಭದಲ್ಲಿ ಹೇಳಿದ ತಂದೆ ಎಡವಿದ್ದು ಇಲ್ಲಿಯೇ. ಡಿಸೆಂಬರ್ ತಿಂಗಳಲ್ಲಿಯೇ ಮನೆಯಲ್ಲಿ ಈ ಮಾತು ಆಗಬೇಕು.

ಅಲೀಘರ್‌ನ ಕುರಿತು ಒಂದು ತಪ್ಪು ತಿಳುವಳಿಕೆ ವ್ಯಾಪಕವಾಗಿದೆ. ಅಲ್ಲಿ ಮುಸ್ಲಿಮರಿಗೆ ಸೀಟು ಮೀಸಲಿದೆಯೆಂದು ಹಲವರು ನಂಬಿದ್ದಾರೆ. ಇಲ್ಲ. ಅಲ್ಲಿರುವುದು ತನ್ನದೇ ಸಂಸ್ಥೆಗಳಲ್ಲಿ ಕಲಿತು ಬಂದವರಿಗೆ ಶೇ. 50ರ ಆಂತರಿಕ ಮೀಸಲಾತಿ. ನಮ್ಮ ಮಕ್ಕಳು ಹೊರಗಿನ ಅಭ್ಯರ್ಥಿಗಳಾಗಿಯೇ ಸ್ಪರ್ಧಿಸಬೇಕು. 2024ರ ನವೆಂಬರ್‌ನಲ್ಲಿ ಸುಪ್ರೀಮ್ ಕೋರ್ಟು 1967ರ ಹಳೆಯ ತೀರ್ಪನ್ನು ತಳ್ಳಿಹಾಕಿತಾದರೂ, ಅಲ್ಪಸಂಖ್ಯಾತ ಸ್ಥಾನಮಾನದ ನಿರ್ಧಾರವನ್ನು ಬೇರೊಂದು ಪೀಠಕ್ಕೆ ಬಿಟ್ಟಿತು. ಆದರೆ ಜಾಮಿಯಾ ಮಿಲ್ಲಿಯಾಕ್ಕೆ 2011ರಲ್ಲಿ ಅಲ್ಪಸಂಖ್ಯಾತ ಸ್ಥಾನಮಾನ ಲಭಿಸಿದೆ. ಅಲ್ಲಿ ಮುಸ್ಲಿಮರಿಗೆ ಶೇ. 30, ಮುಸ್ಲಿಮ್ ಮಹಿಳೆಯರಿಗೆ ಶೇ. 10, ಮುಸ್ಲಿಮ್ ಹಿಂದುಳಿದ ವರ್ಗ ಹಾಗೂ ಪರಿಶಿಷ್ಟ ಪಂಗಡದವರಿಗೆ ಶೇ. 10 ಮೀಸಲಾತಿಯನ್ನು ಗೊತ್ತುಪಡಿಸಲಾಯಿತು. ಹೈದರಾಬಾದ್‌ನ ಮೌಲಾನಾ ಆಝಾದ್ ವಿಶ್ವವಿದ್ಯಾಲಯದ ಬೋಧನಾ ಮಾಧ್ಯಮ ಉರ್ದು. ಬ್ಯಾರಿ ಮಾತಾಡಿ ಕನ್ನಡ ಮಾಧ್ಯಮದಲ್ಲಿ ಕಲಿತ ಮಗುವನ್ನು ಹೆಸರು ನೋಡಿ ಅಲ್ಲಿಗೆ ಕಳಿಸಲು ಹೊರಟವರನ್ನು ನಾವು ಕಂಡಿದ್ದೇವೆ.

ಇನ್ನೆರಡು ಸಂಗತಿಗಳನ್ನು ಗಮನಿಸಿರಿ. ಒಂದು, ನಮ್ಮ ರಾಜ್ಯ ಸರಕಾರವು 2024ರಲ್ಲಿ ಮೂರು ವರ್ಷದ ಪದವಿಗೆ ಮರಳಿದೆ. ದಿಲ್ಲಿ ವಿಶ್ವವಿದ್ಯಾಲಯದಲ್ಲಿ ಪದವಿ ನಾಲ್ಕು ವರ್ಷದ್ದು, ಮೂರು ವರ್ಷಕ್ಕೆ ಮುಗಿಸುವ ಅವಕಾಶವೂ ಇದೆ. ಒಂದು ವರ್ಷದ ಹೆಚ್ಚಿನ ಖರ್ಚನ್ನು ಮೊದಲೇ ಲೆಕ್ಕ ಹಾಕಬೇಕು. ಎರಡು, ರಾಜ್ಯದ 2ಬಿ ಪ್ರಮಾಣಪತ್ರ ಕೇಂದ್ರೀಯ ವಿಶ್ವವಿದ್ಯಾಲಯಗಳಲ್ಲಿ ನಡೆಯುವುದಿಲ್ಲ. ಅಲ್ಲಿ ಕೇಂದ್ರದ ಹಿಂದುಳಿದ ವರ್ಗಗಳ ಪಟ್ಟಿಯ ಪ್ರಕಾರವೇ ಬೇರೆ ಪ್ರಮಾಣಪತ್ರ ಬೇಕು. ಆ ಪಟ್ಟಿಯಲ್ಲಿ ಕರ್ನಾಟಕದ ಎಲ್ಲ ಮುಸ್ಲಿಮ್ ಪಂಗಡಗಳೂ ಇಲ್ಲ. ಇದನ್ನು ತಾಲೂಕು ಕಚೇರಿಯಲ್ಲಿ ಮುಂಚಿತವಾಗಿಯೇ ವಿಚಾರಿಸಬೇಕು.

ಖರ್ಚಿನ ವಿಷಯದಲ್ಲಿ ಸರಕಾರಿ ವಿಶ್ವವಿದ್ಯಾಲಯಗಳ ಶುಲ್ಕ ಖಾಸಗಿಯವುಗಳಿಗೆ ಹೋಲಿಸಿದರೆ ಕಡಿಮೆ. ಹೊರೆಯಾಗುವುದು ವಾಸ ಮತ್ತು ಊಟ. ಸೀಟು ಸಿಕ್ಕಿದವರಿಗೆಲ್ಲ ಹಾಸ್ಟೆಲ್ ಸಿಗುತ್ತದೆಂಬ ಖಾತರಿಯಿಲ್ಲ. ಮೌಲಾನಾ ಆಝಾದ್ ಸಂಶೋಧನಾ ಫೆಲೋಶಿಪ್ ಅನ್ನು ಕೇಂದ್ರ ಸರಕಾರವು 2022ರಲ್ಲಿ ನಿಲ್ಲಿಸಿತು. ಹೀಗೆ ಸರಕಾರ ಕೈ ಹಿಂದೆಗೆದುಕೊಂಡಲ್ಲಿ ಸಮುದಾಯ ಕೈ ಚಾಚಬೇಕು. ಮದುವೆ ಹಾಲ್‌ನ ಒಂದು ದಿನದ ಅಲಂಕಾರದ ಹಣದಲ್ಲಿ ಓರ್ವ ವಿದ್ಯಾರ್ಥಿನಿಯ ವರ್ಷದ ವಾಸದ ಖರ್ಚು ನಡೆಯಬಹುದೆಂಬುದನ್ನು ಮೊಹಲ್ಲಾದ ಶ್ರೀಮಂತರು ಆಲೋಚಿಸಲಿ.

ಇನ್ನು ಭಯದ ಮಾತು. ಹೆಣ್ಮಗಳನ್ನು ದೂರ ಕಳಿಸಲು ಹೆತ್ತವರು ಅಂಜುವುದು ಸಹಜ. 2019ರ ಡಿಸೆಂಬರ್ 15ರಂದು ಪೊಲೀಸರು ಜಾಮಿಯಾದ ಗ್ರಂಥಾಲಯಕ್ಕೆ ನುಗ್ಗಿದ ದೃಶ್ಯವನ್ನು ಯಾರೂ ಮರೆತಿಲ್ಲ. ಆದರೆ ಸಮೀಪವೆಂದರೆ ಸುರಕ್ಷಿತ ಎಂಬುದೂ ನಿಜವಲ್ಲ. 2022ರಲ್ಲಿ ತಲೆವಸ್ತ್ರದ ಕಾರಣಕ್ಕೆ ನಮ್ಮ ಹೆಣ್ಮಕ್ಕಳ ಮುಂದೆ ಗೇಟು ಮುಚ್ಚಿಕೊಂಡದ್ದು ದಿಲ್ಲಿಯಲ್ಲಲ್ಲ. ಮನೆಯಿಂದ ಬಸ್ಸಿನಲ್ಲಿ ಹೋಗಿ ಬರುವಷ್ಟು ಸಮೀಪದ ಕಾಲೇಜುಗಳಲ್ಲಿ. ಆದ್ದರಿಂದ ಅಂತರವನ್ನು ಕಿಲೋಮೀಟರ್‌ನಲ್ಲಿ ಮಾತ್ರ ಅಳೆಯಬಾರದು. ಹಾಸ್ಟೆಲ್ ಇದೆಯೇ, ಅಲ್ಲಿ ಓದುತ್ತಿರುವ ನಮ್ಮೂರಿನ ಮಕ್ಕಳಿದ್ದಾರೆಯೇ, ಅನಾರೋಗ್ಯವಾದರೆ ಆಸರೆಯಾಗುವವರು ಯಾರು ಎಂಬುದನ್ನು ಅರಿತು ಅಳೆಯಬೇಕು. 1906ರಲ್ಲಿ ಶೇಖ್ ಅಬ್ದುಲ್ಲಾ ಮತ್ತು ಅವರ ಪತ್ನಿ ವಹೀದ್ ಜಹಾನ್ ಅಲೀಘರ್‌ನಲ್ಲಿ ಹೆಣ್ಮಕ್ಕಳ ಶಾಲೆ ತೆರೆದಾಗಲೂ ವಿರೋಧಿಸಿದವರಿದ್ದರು. ಆ ಶಾಲೆಯೇ ಬೆಳೆದು ಇಂದು ಅಲೀಘರ್‌ನ ಮಹಿಳಾ ಕಾಲೇಜಾಗಿದೆ.

ಎಲ್ಲರೂ ದಿಲ್ಲಿಗೆ ಹೋಗಬೇಕೆಂದು ನಾವು ಹೇಳುತ್ತಿಲ್ಲ. ತಾಯಿಯ ಆರೋಗ್ಯ ಸರಿಯಿಲ್ಲದ ಮನೆಯ ಮಗಳಿಗೆ, ಒಳ್ಳೆಯ ಅಧ್ಯಾಪಕರಿರುವ ಊರಿನ ಕಾಲೇಜೇ ಉತ್ತಮವಾಗಿರಬಹುದು. ಪದವಿಯನ್ನು ಇಲ್ಲಿ ಮುಗಿಸಿ ಸ್ನಾತಕೋತ್ತರಕ್ಕೆ ಹೊರಗೆ ಹೋಗುವ ದಾರಿಯೂ ಇದೆ. ಯಾವ ದಾರಿಯೇ ಆಗಲಿ, ಅದನ್ನು ತಿಳಿದು ಆರಿಸಬೇಕು. ಆರಿಸುವಾಗ ಓದಬೇಕಾದ ಮಗು ನಮ್ಮೊಂದಿಗೆ ಕುಳಿತಿರಬೇಕು. ಇಸ್ತಿಖಾರ ನಮಾಝ್ ಮಾಡಿರಿ. ಆದರೆ ಮಾಹಿತಿ ಸಂಗ್ರಹಿಸುವ ಶ್ರಮಕ್ಕೆ ಅದು ಬದಲಿಯಲ್ಲ. ಒಂಟೆಯನ್ನು ಕಟ್ಟಿದ ಬಳಿಕವೇ ಭರವಸೆ ಇಡಬೇಕೆಂದು ಪ್ರವಾದಿ(ಸ) ನಮಗೆ ಕಲಿಸಿದ್ದಾರೆ.

ಇಂದು ಮನೆಗೆ ಹೋದ ಬಳಿಕ ರಾತ್ರಿಯ ಊಟ ಮುಗಿಸಿ ಮೊಬೈಲ್ ಬದಿಗಿಟ್ಟು ಮಗಳನ್ನು ಕೇಳಿರಿ: "ಮಗಳೇ, ನಿನ್ನ ಅಭಿಪ್ರಾಯವೇನು?" ಉತ್ತರ ತಕ್ಷಣ ಬಾರದಿರಬಹುದು. ಅವಳು ಕಾದಿದ್ದಷ್ಟು ದಿನ ನೀವೂ ಸ್ವಲ್ಪ ಕಾಯಿರಿ. ಅಲ್ಲಾಹನು ನಮ್ಮ ಮಕ್ಕಳಿಗೆ ಪ್ರಯೋಜನಕಾರಿ ಜ್ಞಾನವನ್ನೂ, ಅವರ ಮಾತನ್ನು ಆಲಿಸುವ ಸಹನೆಯನ್ನು ನಮಗೂ ಅನುಗ್ರಹಿಸಲಿ.