ಕಿಟಕಿಯ ಮೇಲೆ ಬೆಳ್ಳುಳ್ಳಿ: ಬರುವುದೆಷ್ಟು, ಬಾರದ್ದೆಷ್ಟು

(ಸ್ವ-ಸಹಾಯ ಸಂಘಗಳ ಒಕ್ಕೂಟದ ಮಾಸಿಕ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಇವತ್ತಿನ ವಿಷಯ, ಮನೆಯೊಳಗೆ ಡಬ್ಬ-ಕುಂಡಗಳಲ್ಲಿ ಬೆಳ್ಳುಳ್ಳಿ ಬೆಳೆಯುವುದು. ವಿಷಯ ಹೇಳಿದ ಕೂಡಲೇ ಹಿಂದಿನ ಸಾಲಿನಲ್ಲಿ ಕೆಲವರು ಮುಖ ಮುಖ ನೋಡಿಕೊಂಡು ನಕ್ಕಿದ್ದನ್ನು ನಾವು ನೋಡಿದೆವು. ನಗುವುದಕ್ಕೆ ಕಾರಣ ಇದೆ. ಅದನ್ನು ಮೊದಲು ನಾವೇ ಹೇಳಿಬಿಡುತ್ತೇವೆ, ಗೊತ್ತಿಲ್ಲದವರಿಗೂ ತಿಳಿಯಲಿ.

2024ರಲ್ಲಿ ಬೆಳ್ಳುಳ್ಳಿ ಬೆಲೆ ಕೆ.ಜಿ.ಗೆ 400 ರೂಪಾಯಿ ದಾಟಿದ್ದು ನಿಮಗೆಲ್ಲ ನೆನಪಿದೆ. ಅರ್ಧ ಕೆ.ಜಿ. ಕೊಳ್ಳುತ್ತಿದ್ದವರು "ಹತ್ತು ರೂಪಾಯಿಗೆ ಎಷ್ಟು ಬರುತ್ತೋ ಅಷ್ಟು ಕೊಡಿ" ಅನ್ನೋ ಹಾಗಾಯಿತು. ಮನೆಯಲ್ಲಿ ಬಾಣಂತಿ ಇದ್ದವರ ಪಾಡಂತೂ ಕೇಳೋದೇ ಬೇಡ. ಒಂದು ವಠಾರಕ್ಕೆ ಭೇಟಿ ಕೊಟ್ಟಾಗ ಒಬ್ಬ ಅಜ್ಜಿ, "ಸಿಸ್ಟರ್, ಸೊಸೆಗೆ ತುಪ್ಪದಲ್ಲಿ ಹುರಿದು ಕೊಡೋಕೆ ನಾಲ್ಕು ಎಸಳು ಬೇಕಲ್ಲ, ಅದಕ್ಕೆ ಸಾರಿನ ಒಗ್ಗರಣೆಗೆ ಹಾಕೋದೇ ಬಿಟ್ಟಿದ್ದೀವಿ" ಎಂದರು. ಅದನ್ನು ಕೇಳಿದ ಮೇಲೆ ಏನಾದರೂ ಮಾಡಲೇಬೇಕು ಅನ್ನಿಸಿತು. ಅವಸರ ಮಾಡಿದೆವು. ಅದೇ ಜೂನ್ ತಿಂಗಳಲ್ಲಿ ಮೂರು ಸಂಘಗಳವರನ್ನು ಸೇರಿಸಿ ಪ್ಲಾಸ್ಟಿಕ್ ಕುಂಡ, ಗೊಬ್ಬರ, ಒಂದೊಂದು ಹಿಡಿ ಬೆಳ್ಳುಳ್ಳಿ ಕೊಡಿಸಿ, "ನಾಲ್ಕೈದು ತಿಂಗಳಲ್ಲಿ ಗೆಡ್ಡೆ ಬರುತ್ತೆ, ಮಿಕ್ಕಿದ್ದನ್ನು ಮಾರಬಹುದು" ಎಂದು ಹೇಳಿದೆವು. ಕುಂಡದ ದುಡ್ಡಿಗೆ ಸದಸ್ಯೆಯರು ಸಂಘದಿಂದ ಆಂತರಿಕ ಸಾಲ ತೆಗೆದರು.

ಮಳೆಗಾಲದ ತೇವಕ್ಕೆ ಅರ್ಧ ಕೊಳೆತು ಹೋಯಿತು. ಉಳಿದದ್ದು ಹಸಿರಾಗಿ ಎದ್ದು ನಿಂತಿತು, ನೋಡಲು ಚೆಂದವೇ. ಆದರೆ ನವೆಂಬರಿನಲ್ಲಿ ಕಿತ್ತರೆ ಕೆಳಗೆ ಬರೀ ಬೇರು. ಯಾರೂ ನಮಗೆ ಹೇಳಲಿಲ್ಲ. ಕೊನೆಗೆ ಲೆಕ್ಕಪುಸ್ತಕ ನೋಡುವಾಗ ಕುಂಡದ ಸಾಲವನ್ನು ಹೊಲಿಗೆ ದುಡ್ಡಿನಿಂದ ಕಟ್ಟಿದ್ದು ಕಂಡು ಕೇಳಿದಾಗ ಒಬ್ಬ ತಂಗಿ, "ನೀವು ಹೇಳಿದ್ರಲ್ಲ ಸಿಸ್ಟರ್, ನಮ್ಮ ಕೈಗುಣವೇ ಸರಿ ಇಲ್ಲವೇನೋ ಅಂತ ಸುಮ್ಮನಾದ್ವಿ" ಎಂದಳು. ಸಮಾಜಕಾರ್ಯ ಓದಿ ಇಷ್ಟು ವರ್ಷ ಕೆಲಸ ಮಾಡಿದವರಿಗೆ ಆ ಮಾತು ಚುಚ್ಚದೇ ಇರುತ್ತದೆಯೇ? ಕುಂಡದ ದುಡ್ಡನ್ನು ವಾಪಸ್ಸು ಕೊಟ್ಟೆವು. ಕೈಗುಣದ ದೋಷ ಅಲ್ಲವೇ ಅಲ್ಲ ತಾಯಿ, ತಪ್ಪು ನಮ್ಮದು.

ಏನು ತಪ್ಪು? ಬೆಳ್ಳುಳ್ಳಿ ಚಳಿಯ ಬೆಳೆ. ಸಸಿ ಚಿಕ್ಕದಿರುವಾಗ ಒಂದೆರಡು ತಿಂಗಳು ತಂಪು ಸಿಕ್ಕರೆ ಮಾತ್ರ ಬುಡದಲ್ಲಿ ಎಸಳು ಕಟ್ಟುತ್ತದೆ. ಆಮೇಲೆ ಹಗಲು ಉದ್ದವಾಗಿ ಬಿಸಿಲೇರಿದಾಗ ಗೆಡ್ಡೆ ದಪ್ಪ ಆಗುತ್ತದೆ. ಅದಕ್ಕೇ ನಮ್ಮ ಬಯಲುಸೀಮೆಯ ರೈತರು ಹೆಚ್ಚಾಗಿ ಅಕ್ಟೋಬರ್-ನವೆಂಬರಿನಲ್ಲಿ ನಾಟಿ ಮಾಡಿ ಫೆಬ್ರವರಿ-ಮಾರ್ಚಿನಲ್ಲಿ ಕೀಳುವುದು. ನಾವು ಜೂನ್‌ನಲ್ಲಿ, ಅದೂ ಒಲೆ ಉರಿಯುವ ಒಂದೇ ಕೋಣೆಯ ಮನೆಯೊಳಗೆ ಇಡಿಸಿದೆವು. ಚಳಿ ಎಲ್ಲಿಂದ ಬರಬೇಕು? ಇನ್ನೊಂದು, ದಪ್ಪ ಎಸಳು ಚೆನ್ನಾಗಿದೆ ಅಂತ ಬೆಟ್ಟದ ಕಡೆಯ ಬೆಳ್ಳುಳ್ಳಿ ತಂದಿದ್ದೆವು. ಬೆಟ್ಟದ ಜಾತಿಗಳು ಇನ್ನೂ ಹೆಚ್ಚು ಚಳಿ ಕೇಳುತ್ತವೆ. ಬಯಲಿಗೆ ಇಲ್ಲಿನ ಸಣ್ಣ ಎಸಳಿನ ನಾಟಿ ಬೆಳ್ಳುಳ್ಳಿಯೇ ವಾಸಿ. ಪುಣೆ ಹತ್ತಿರ ರಾಜಗುರುನಗರದಲ್ಲಿ ಈರುಳ್ಳಿ-ಬೆಳ್ಳುಳ್ಳಿಗೆಂದೇ ಕೇಂದ್ರ ಸರ್ಕಾರದ ಸಂಶೋಧನಾ ಸಂಸ್ಥೆ ಇದೆ. ಅವರ 'ಭೀಮಾ ಪರ್ಪಲ್', 'ಭೀಮಾ ಓಂಕಾರ್' ತಳಿಗಳು ಸಿಕ್ಕರೆ ಸರಿ, ಸಿಗದಿದ್ದರೆ ಹುಡುಕಿಕೊಂಡು ಅಲೆಯಬೇಡಿ.

ಹಾಗಾದರೆ ಮನೆಯೊಳಗೆ ಏನೂ ಆಗಲ್ಲವೇ? ಆಗುತ್ತೆ. ಗೆಡ್ಡೆ ಅಲ್ಲ, ಸೊಪ್ಪು.

ಇದನ್ನು ಈ ಸಲ ಮೊದಲು ನಮ್ಮ ಅಡುಗೆಮನೆ ಕಿಟಕಿಯಲ್ಲೇ ಮಾಡಿ ನೋಡಿದೆವು, ಆಮೇಲೆ ನಿಮ್ಮ ಮುಂದೆ ಬಂದಿದ್ದೇವೆ. ಬುಟ್ಟಿಯಲ್ಲಿದ್ದ ಬೆಳ್ಳುಳ್ಳಿಗೆ ಮೊಳಕೆ ಬಂತು ಅಂತ ನೀವು ಬಿಸಾಡುತ್ತೀರಲ್ಲ, ಅದೇ ಬೀಜ. (ಮೊಳಕೆ ಬಂದ ಬೆಳ್ಳುಳ್ಳಿ ವಿಷ ಅಂತ ಕೆಲವರು ಹೇಳ್ತಾರೆ. ಹಸಿರಾದ, ಮೊಳಕೆ ಬಂದ ಆಲೂಗಡ್ಡೆ ತಿನ್ನಬಾರದು, ಅದು ನಿಜ. ಬೆಳ್ಳುಳ್ಳಿಗೆ ಆ ಮಾತಿಲ್ಲ, ಕೊಳೆತಿರಬಾರದು ಅಷ್ಟೆ.) ಎಸಳುಗಳನ್ನು ಬಿಡಿಸಿ, ಸಿಪ್ಪೆ ಸುಲಿಯಬೇಡಿ. ನಾಲ್ಕೈದು ಇಂಚು ಆಳದ ಯಾವ ಡಬ್ಬವಾದರೂ ಸಾಕು, ತಳದಲ್ಲಿ ಐದಾರು ತೂತು ಇರಲೇಬೇಕು. ಮಣ್ಣು, ಹಳೆಯ ಸಗಣಿ ಗೊಬ್ಬರ, ಮರಳು ಸಮ ಸಮ. ಹಸಿ ಸಗಣಿ ಹಾಕಿದರೆ ಎಸಳು ಕೊಳೆಯುತ್ತದೆ. ಚೂಪು ತುದಿ ಮೇಲಕ್ಕೆ ಇರುವ ಹಾಗೆ ಎಸಳನ್ನು ಮಣ್ಣಿನೊಳಗೆ ಮುಚ್ಚಿ. ಸೊಪ್ಪಿಗೆ ಒಂದಿಂಚು ಅಂತರ ಸಾಕು, ಒತ್ತೊತ್ತಾಗಿ ಇದ್ದರೂ ನಡೆಯುತ್ತೆ.

ನೀರಿನ ವಿಷಯದಲ್ಲಿ ಮಾತ್ರ ನಮ್ಮ ಹೆಂಗಸರ ಕೈ ಧಾರಾಳ! ಪಾತ್ರೆ ತೊಳೆದಾಗಲೆಲ್ಲ ಒಂದು ಲೋಟ ಸುರಿಯಬೇಡಿ. ಬೆರಳು ಮಣ್ಣಿಗೆ ಚುಚ್ಚಿ ನೋಡಿ, ಒಣಗಿದ್ದರೆ ಮಾತ್ರ ಹಾಕಿ. ದಿನಕ್ಕೆ ಮೂರು ನಾಲ್ಕು ತಾಸು ಬಿಸಿಲು ಬೀಳುವ ಕಿಟಕಿ ಇರಲಿ. ಚಳಿಗಾಲದಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿರುತ್ತಾನೆ, ಆದ್ದರಿಂದ ದಕ್ಷಿಣದ ಕಿಟಕಿ ಉತ್ತಮ. ಮೂರು ವಾರಕ್ಕೆ ಸೊಪ್ಪು ಗೇಣುದ್ದ ಆಗುತ್ತದೆ. ಬುಡದಿಂದ ಎರಡು ಇಂಚು ಬಿಟ್ಟು ಕತ್ತರಿಯಿಂದ ಕತ್ತರಿಸಿ, ಮತ್ತೆ ಚಿಗುರುತ್ತದೆ. ಎರಡು ಮೂರು ಸಲ ಕತ್ತರಿಸಿದ ಮೇಲೆ ಎಸಳಿನ ಶಕ್ತಿ ಮುಗಿಯುತ್ತದೆ, ಆಗ ಹೊಸ ಎಸಳು ಹಾಕಬೇಕು. ಇದಕ್ಕೆ ಚಳಿಗಾಲವೇ ಬೇಕೆಂದಿಲ್ಲ. ಮಳೆಗಾಲದಲ್ಲಿ ಎರಚಲು ಹೊಡೆಯದ ಕಡೆ ಇಟ್ಟು ನೀರು ಇನ್ನೂ ಕಡಿಮೆ ಮಾಡಿ.

ಸೊಪ್ಪು ಏನಕ್ಕೆ ಅಂತೀರಾ? ಅಕ್ಕಿ ರೊಟ್ಟಿಗೆ, ಚಟ್ನಿಗೆ, ಮೊಟ್ಟೆಗೆ, ಸಾರು ಇಳಿಸುವಾಗ ಮೇಲೆ ಉದುರಿಸಲು. ಗುಜರಾತಿನಲ್ಲಿ ಚಳಿಗಾಲ ಬಂದರೆ ಹಸಿ ಬೆಳ್ಳುಳ್ಳಿ ಸೊಪ್ಪನ್ನು ಕಟ್ಟು ಕಟ್ಟಾಗಿ ಮಾರುತ್ತಾರೆ, ಉಂಧಿಯುಗೆ ಅದು ಬೇಕೇ ಬೇಕು. ಬಾಣಂತಿಗೆ ಹುರಿದು ಕೊಡುವ ಎಸಳಿಗೆ ಇದು ಬದಲಿ ಅಲ್ಲ, ಹಾಗೆ ನಾವು ಹೇಳುವುದಿಲ್ಲ. ಆದರೆ ಉಳಿದವರ ಸಾರಿಗೆ, ಚಟ್ನಿಗೆ ಸೊಪ್ಪು ಹಾಕಿದರೆ ಮನೆಯಲ್ಲಿರುವ ಗೆಡ್ಡೆ ಅವಳಿಗೆ ಉಳಿಯುತ್ತದೆ. ಆ ಅಜ್ಜಿ ಈಗ ಹಾಗೇ ಮಾಡುತ್ತಿದ್ದಾರೆ.

ಗೆಡ್ಡೆಯೇ ಬೇಕು ಅನ್ನುವವರು ಅಕ್ಟೋಬರ್ ತನಕ ಕಾಯಿರಿ. ಮನೆಯೊಳಗೆ ಬೇಡ, ಆರು ತಾಸು ಬಿಸಿಲು, ರಾತ್ರಿ ಚಳಿ ತಾಗುವ ಮೆಟ್ಟಿಲು, ತಾರಸಿ, ಜಗಲಿ ಇದ್ದರೆ ಮಾತ್ರ. ಎಂಟು ಇಂಚು ಆಳ, ಎಸಳಿನಿಂದ ಎಸಳಿಗೆ ನಾಲ್ಕು ಬೆರಳು ಜಾಗ. ಯಾರ ಮನೆಯಲ್ಲಾದರೂ ಫ್ರಿಜ್ ಇದ್ದರೆ ಗೆಡ್ಡೆಗಳನ್ನು ಬಿಡಿಸದೆ ಕಾಗದದಲ್ಲಿ ಸುತ್ತಿ ಒಂದು ತಿಂಗಳು ಕೆಳಗಿನ ಅರೆಯಲ್ಲಿಟ್ಟು ಆಮೇಲೆ ನೆಡಿ, ಚಳಿಯ ಕೊರತೆ ಸ್ವಲ್ಪ ತುಂಬುತ್ತದೆ. ಎಲೆ ಹಳದಿ ತಿರುಗಿದಾಗ ನೀರು ನಿಲ್ಲಿಸಿ, ಹತ್ತು ದಿನ ಬಿಟ್ಟು ಕಿತ್ತು ನೆರಳಲ್ಲಿ ಒಣಗಿಸಿ. ಕೆಲವು ಬುಡದಲ್ಲಿ ಎಸಳೇ ಬಿಡದ ಒಂದೇ ಉಂಡೆ ಸಿಗಬಹುದು. ಬೇಸರ ಮಾಡಬೇಡಿ, ಅಂಥ ಒಂಟಿ ಬೆಳ್ಳುಳ್ಳಿಯನ್ನು ಔಷಧಿಗೆ ಅಂತ ಹೆಚ್ಚು ದುಡ್ಡು ಕೊಟ್ಟು ಕೊಳ್ಳುವವರಿದ್ದಾರೆ!

ಈಗ ಲೆಕ್ಕ. ಹೋದ ಸಲ ನಾವು ಮಾಡದೇ ಹೋದದ್ದು ಇದೇ. 15 ಕೆ.ಜಿ. ಎಣ್ಣೆ ಡಬ್ಬವನ್ನು ಅಡ್ಡ ಮಲಗಿಸಿ ಮೇಲ್ಭಾಗ ಕತ್ತರಿಸಿದರೆ ಸುಮಾರು 12 ಎಸಳು ಹಿಡಿಯುತ್ತದೆ. ಒಂದಕ್ಕೆ ಒಂದು ಗೆಡ್ಡೆ, ಎಲ್ಲ ಚೆನ್ನಾಗಿ ಬಂದು ಒಂದೊಂದು 20 ಗ್ರಾಂ ತೂಗಿದರೆ ಒಟ್ಟು 240 ಗ್ರಾಂ. ಕೆ.ಜಿ.ಗೆ 400 ಇದ್ದಾಗ ಅದು 96 ರೂಪಾಯಿ. 100 ರೂಪಾಯಿಗೆ ಇಳಿದಾಗ 24 ರೂಪಾಯಿ. ನಾಲ್ಕೈದು ತಿಂಗಳ ಕೆಲಸಕ್ಕೆ! ಆದ್ದರಿಂದ ಕುಂಡದ ಬೆಳ್ಳುಳ್ಳಿಗೆ ಸಂಘದಿಂದ ಸಾಲ ಬೇಡ. ಯಾರೇ ಬಂದು ಇದರಲ್ಲಿ ಆದಾಯ ಇದೆ ಎಂದರೂ, ನಾವೇ ಬಂದು ಹೇಳಿದರೂ, ಈ ಲೆಕ್ಕವನ್ನು ಮುಂದೆ ಹಿಡಿದು ಕೇಳಿ.

ಬೆಲೆಯ ಬಿಸಿ ತಪ್ಪಿಸಿಕೊಳ್ಳಲು ಬೇರೆ ದಾರಿ ಇದೆ. ಫೆಬ್ರವರಿ-ಮಾರ್ಚಿನಲ್ಲಿ ಹೊಸ ಬೆಳೆ ಮಾರುಕಟ್ಟೆಗೆ ಬಂದು ಬೆಲೆ ಇಳಿದಾಗ, ಸಂಘದವರು ಸೇರಿ ಸಗಟಿನಲ್ಲಿ ಒಂದು ಮೂಟೆ ಕೊಂಡು ಹಂಚಿಕೊಳ್ಳುವುದು. ಚೆನ್ನಾಗಿ ಒಣಗಿದ್ದನ್ನು ನೋಡಿ ತೆಗೆದುಕೊಂಡು ಗಾಳಿ ಆಡುವ ಕಡೆ ತೂಗುಹಾಕಿ, ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿಡಬೇಡಿ. ಇದನ್ನು ಜನವರಿ ಸಭೆಯಲ್ಲಿ ಪ್ರತ್ಯೇಕವಾಗಿ ಮಾತಾಡೋಣ.

ಡಬ್ಬದ ಬಗ್ಗೆ ಒಂದು ಮಾತು. ಒಡೆದ ಕೊಡ, ಎಣ್ಣೆ ಡಬ್ಬ, ಅಕ್ಕಿ ಚೀಲ ಏನಾದರೂ ಸರಿ. ಆದರೆ ಹೊಲಕ್ಕೆ ಹೊಡೆಯುವ ಔಷಧಿ ಡಬ್ಬ ಮಾತ್ರ ಎಷ್ಟು ತೊಳೆದಿದ್ದರೂ ಬೇಡವೇ ಬೇಡ. ಹೋದ ತಿಂಗಳು ಒಂದು ಮನೆಯಲ್ಲಿ ಅಂಥದ್ದರಲ್ಲಿ ಕೊತ್ತಂಬರಿ ಬೆಳೆದಿದ್ದನ್ನು ನೋಡಿ ನಮಗೆ ಎದೆ ಧಸಕ್ ಎಂದಿತು. ಬಣ್ಣದ ಡಬ್ಬವೂ ಬೇಡ.

ಮುಂದಿನ ಸಭೆಗೆ ಬರುವಾಗ ಒಬ್ಬೊಬ್ಬರು ಒಂದೊಂದು ಡಬ್ಬ, ಮನೆಯಲ್ಲಿ ಮೊಳಕೆ ಬಂದ ಬೆಳ್ಳುಳ್ಳಿ ಇದ್ದರೆ ಅದನ್ನೂ ತನ್ನಿ. ಮೊಳೆ, ಸುತ್ತಿಗೆ ನಾವು ತರುತ್ತೇವೆ, ತೂತು ಇಲ್ಲೇ ಹೊಡೆಯೋಣ. ಮಣ್ಣನ್ನು ಒಕ್ಕೂಟದ ಹಿತ್ತಲಿನಿಂದಲೇ ತೆಗೆದುಕೊಳ್ಳಬಹುದು, ದುಡ್ಡೇನೂ ಕೊಡಬೇಕಾಗಿಲ್ಲ.