ಉಸಿರು ಕಂಡಾಗ

2018ರ ನವೆಂಬರ್‌ನಲ್ಲಿ ದೆಹಲಿಯ ಸರ್ ಗಂಗಾರಾಮ್ ಆಸ್ಪತ್ರೆಯ ಆವರಣದಲ್ಲಿ ದೊಡ್ಡದೊಂದು ಜೋಡಿ ಶ್ವಾಸಕೋಶಗಳನ್ನು ನಿಲ್ಲಿಸಿದ್ದರು. ಗಾಳಿ ಸೋಸುವ ಬಿಳಿ ಫಿಲ್ಟರ್‌ನಿಂದ ಮಾಡಿದ ಕಲಾಕೃತಿ ಅದು. ಹಿಂದಿದ್ದ ಫ್ಯಾನುಗಳು ನಾವು ಉಸಿರೆಳೆಯುವಂತೆಯೇ ಗಾಳಿ ಎಳೆಯುತ್ತಿದ್ದವು. ಕೆಲವೇ ದಿನಗಳಲ್ಲಿ ಬಿಳುಪು ಹೋಗಿ ಮಸಿ ಹಿಡಿಯಿತು.

ಆ ಮಸಿಯ ಹಿಂದಿರುವುದು ವಾಹನದ ಹೊಗೆ, ಸುಟ್ಟ ಕಸ, ಕಟ್ಟಡದ ದೂಳು. ಇವುಗಳ ಅತಿಸೂಕ್ಷ್ಮ ಕಣಗಳು ಕಣ್ಣಿಗೆ ಬೀಳುವುದಿಲ್ಲ. ಮಾಲಿನ್ಯದ ಅಂಕಿಅಂಶಗಳನ್ನು ಓದಿ ಮರೆಯುತ್ತೇವೆ. ಕಪ್ಪಾದ ಶ್ವಾಸಕೋಶವನ್ನು ಮರೆಯುವುದು ಸುಲಭವಲ್ಲ. ಕಲೆ ಮಾಡುವ ಉಪಕಾರ ಇದೇ. ಕಾಣದ್ದನ್ನು ಕಣ್ಣೆದುರು ತಂದು ನಿಲ್ಲಿಸುತ್ತದೆ.

ಕಂಡ ಮೇಲೆ ಮಾಡಬೇಕಾದ ಕೆಲಸ ನಮ್ಮದು. ಸಿಗ್ನಲ್‌ನಲ್ಲಿ ಇಂಜಿನ್ ಆರಿಸೋಣ. ತರಗೆಲೆಗೆ ಬೆಂಕಿ ಹಚ್ಚದೆ ಗೊಬ್ಬರ ಮಾಡೋಣ. ಶುದ್ಧ ಗಾಳಿ ಮಕ್ಕಳ ಹಕ್ಕು, ಅದನ್ನು ಉಳಿಸುವುದು ನಮ್ಮ ಹೊಣೆ.